ರಾಜೀನಾಮೆ ಬರೆಯುವ ಮೊದಲು ಪಗಾರದ ಚೀಟಿ ತೆಗೆದು ನೋಡಿ

ನನಗೆ ಐದು ತಿಂಗಳು ತುಂಬಿದ್ದಾಗ ನಮ್ಮ ಮ್ಯಾನೇಜರು ಒಂದು ಬಿಳಿ ಹಾಳೆ ತಂದು ಮೇಜಿನ ಮೇಲೆ ಇಟ್ಟರು. ಕಲಬುರಗಿಯ ಒಂದು ದಾಲ್‌ಮಿಲ್‌ನ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ, ತಿಂಗಳಿಗೆ 15,000 ಪಗಾರ. ಪುಣೆಗೆ ಹೋದ ಗಂಡ ಮೂರು ತಿಂಗಳಿಂದ ಫೋನ್ ಎತ್ತುತ್ತಿರಲಿಲ್ಲ, ಆ ಸುದ್ದಿ ಮಿಲ್ಲಿಗೆಲ್ಲ ಗೊತ್ತಾಗಿತ್ತು. "ಯಾಕ ಒದ್ದಾಡ್ತೀ ತಂಗಿ, ರಾಜೀನಾಮಿ ಬರ್ದು ಕೊಡು, ಆರಾಮ ಬಾಣಂತನ ಮುಗಿಸ್ಕೊಂಡು ಬಾ. ಸರ್ಕಾರದ್ದು ಐದು ಸಾವಿರ ಹ್ಯಾಂಗೂ ಬರ್ತದಲ್ಲ" ಅಂದರು. ಕೆಟ್ಟ ಮನುಷ್ಯ ಅಲ್ಲ, ಕನಿಕರದಿಂದಲೇ ಹೇಳಿದ್ದು. ಆದರೆ ಅವರ ಮಾತು ಕೇಳಿದ್ದರೆ ನಾನು ಕಳೆದುಕೊಳ್ಳಬಹುದಾಗಿದ್ದದ್ದು ಹತ್ತಿರ ಹತ್ತಿರ 91,000 ರೂಪಾಯಿ.

ನನ್ನ ಹಾಗೆ ಗಂಡ ಬಿಟ್ಟುಹೋದವರು, ಗಂಡ ತೀರಿಕೊಂಡವರು, ಡೈವೋರ್ಸ್ ಆದವರು, ಮದುವೆಯೇ ಆಗದವರು, ಯಾರೇ ಆಗಲಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಒಬ್ಬರೇ ದುಡಿಯುತ್ತಿದ್ದರೆ ದುಡ್ಡಿನ ದಾರಿ ಯಾವುದು ಅಂತ ಮೊದಲು ಹುಡುಕಬೇಕು. ಎಲ್ಲರೂ ಯೋಜನೆಗಳ ಹೆಸರು ಹೇಳುತ್ತಾರೆ. ಹತ್ತು ಹೆಸರು ಕೇಳಿ ತಲೆ ಕೆಡುತ್ತದೆ ಅಷ್ಟೇ. ನಿಜ ಹೇಳಬೇಕೆಂದರೆ ದೊಡ್ಡ ದುಡ್ಡು ಬರುವ ದಾರಿ ಮೂರೇ ಮೂರು: ಇಎಸ್‌ಐ (ಪಗಾರದಿಂದ ವಂತಿಗೆ ಕಟ್ಟುವ ಕಾರ್ಮಿಕರ ರಾಜ್ಯ ವಿಮೆ), ಮಾಲೀಕರು ಕೊಡುವ ಹೆರಿಗೆ ರಜೆ, ಇವೆರಡೂ ಇಲ್ಲದವರಿಗೆ ಸರ್ಕಾರದ ಸಹಾಯಧನ. ಇವುಗಳನ್ನು ಒಂದರ ಮೇಲೊಂದು ಪೇರಿಸಿಕೊಳ್ಳಲು ಆಗುವುದಿಲ್ಲ. ನಿಮ್ಮದು ಯಾವುದು ಅಂತ ಗೊತ್ತಾಗಬೇಕಾದರೆ ಪಗಾರದ ಚೀಟಿಯಲ್ಲಿ ಇಎಸ್‌ಐ ಅಂತ ಒಂದು ಸಾಲು ಇದೆಯಾ ನೋಡಿ.

ಇಎಸ್‌ಐ ಕಟ್ ಆಗುತ್ತಿದ್ದರೆ

ತಿಂಗಳ ಪಗಾರ 21,000ದ ಒಳಗಿದ್ದು, ಕೆಲಸದ ಜಾಗದಲ್ಲಿ ಹತ್ತು ಅಥವಾ ಹೆಚ್ಚು ಜನ ಇದ್ದರೆ ಸಾಮಾನ್ಯವಾಗಿ ಇಎಸ್‌ಐ ಇರುತ್ತದೆ. ನಮ್ಮ ಪಗಾರದಿಂದ ನೂರಕ್ಕೆ 0.75, ಮಾಲೀಕರಿಂದ 3.25. ನನ್ನ ಚೀಟಿಯಲ್ಲಿ ಅದು 113 ರೂಪಾಯಿ. ನಾಲ್ಕು ವರ್ಷ ಆ 113ನ್ನು ನೋಡಿ ನೋಡಿ "ಇದು ಸುಮ್ನೆ ಹೋಗ್ತದೆ" ಅಂತ ಬೈದುಕೊಂಡವಳು ನಾನೇ.

ಹೆರಿಗೆಗೆ ಇಎಸ್‌ಐ ಕೊಡುವುದು 26 ವಾರ, ಪೂರ್ತಿ ಪಗಾರದ ದರದಲ್ಲಿ. 26 ವಾರ ಅಂದರೆ 182 ದಿನ, 15,000 ಪಗಾರಕ್ಕೆ ದಿನಕ್ಕೆ 500 ಹಿಡಿದರೆ 91,000. ಇದು ಮೊದಲ ಎರಡು ಮಕ್ಕಳಿಗೆ. ಆಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಹೆರಿಗೆಯಿಂದ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳು ಸೇರುತ್ತದೆ. ಗರ್ಭಪಾತ ಆದರೂ 6 ವಾರ ಸಿಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ.

ಷರತ್ತು ಒಂದೇ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಈಗಷ್ಟೇ ಕೆಲಸಕ್ಕೆ ಸೇರಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗಾದರೂ ಕೈ ಚೆಲ್ಲಬೇಡಿ. ಇಎಸ್‌ಐಗೆ ಅರ್ಹತೆ ಬರುವವರೆಗೆ ಮಾಲೀಕರೇ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಕಾನೂನಿನಲ್ಲಿದೆ, ಅದಕ್ಕೆ ಮುಂದೆ ಹೇಳುವ 80 ದಿನದ ಲೆಕ್ಕ ಸಾಕು.

ನಾನು ಇಎಸ್‌ಐಯನ್ನೇ ಮೊದಲ ಸ್ಥಾನಕ್ಕೆ ಇಡುವುದು ಮೊತ್ತಕ್ಕಾಗಿ ಅಲ್ಲ. ದುಡ್ಡು ಮಾಲೀಕರ ಜೇಬಿನಿಂದ ಬರುವುದಿಲ್ಲ, ಇಎಸ್‌ಐ ನಿಗಮದಿಂದ ನಿಮ್ಮ ಖಾತೆಗೆ ಬರುತ್ತದೆ. ಹಾಗಾಗಿ ಮಾಲೀಕರಿಗೆ ನಿಮ್ಮ ಜೊತೆ ಜಗಳ ಮಾಡಲು ಕಾರಣವೇ ಕಡಿಮೆ. ಇದನ್ನೇ ನಾನು ಮ್ಯಾನೇಜರಿಗೆ ಹೇಳಿದ್ದು: "ಸರ್, ಈ 26 ವಾರ ನೀವು ನನಗ ಒಂದು ರೂಪಾಯಿನೂ ಕೊಡೋದಿಲ್ಲ, ಇಎಸ್‌ಐದವರು ಕೊಡ್ತಾರ." ಅವರಿಗೂ ಗೊತ್ತಿರಲಿಲ್ಲ. ಮುಖ ನೋಡಬೇಕಿತ್ತು. ಬಿಳಿ ಹಾಳೆ ಅಲ್ಲೇ ಉಳಿಯಿತು, ಅದರ ಹಿಂದೆ ಯಾರೋ ತೊಗರಿಯ ರೇಟು ಬರೆದುಕೊಂಡಿದ್ದರು ಮರುದಿನ.

ಇನ್ನೊಂದು ಲಾಭ ಆಸ್ಪತ್ರೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜಿನ ದೊಡ್ಡ ದವಾಖಾನೆಯೇ ಇದೆ. ನಿಮ್ಮ ಕಾರ್ಡಿನ ಮೇಲೆ ತಪಾಸಣೆ, ಹೆರಿಗೆ, ಆಮೇಲೆ ಮಗುವಿನ ಚಿಕಿತ್ಸೆ ಎಲ್ಲ ಅಲ್ಲೇ. ಇಎಸ್‌ಐ ದವಾಖಾನೆ ಸೌಲಭ್ಯ ಇಲ್ಲದ ಊರಿನಲ್ಲಿ ಹೆರಿಗೆಯಾದರೆ ಖರ್ಚಿಗೆ ಅಂತ 7,500 ರೂಪಾಯಿ ಬೇರೆ ಕೊಡುತ್ತಾರೆ, ಎರಡು ಹೆರಿಗೆವರೆಗೆ. ಹೆರಿಗೆ ಭತ್ಯೆಯ ಅರ್ಜಿಗೆ ನಮೂನೆ 19 ಅಂತ ಹೆಸರು, ಈಗ ಆನ್‌ಲೈನ್‌ನಲ್ಲೂ ಹಾಕಬಹುದು.

ಪಗಾರ 20,000 ಇದ್ದು, ಬಸುರಿಯಾಗಿರುವಾಗಲೇ ಏರಿಸಿ 21,500 ಮಾಡುತ್ತೇವೆ ಅಂದರೆ? ಆ ವಂತಿಗೆ ಅವಧಿ ಮುಗಿಯುವವರೆಗೆ ಇಎಸ್‌ಐ ಮುಂದುವರಿಯುತ್ತದೆ, ಹೆದರಬೇಡಿ. ಆದರೆ ನಿಮ್ಮ ಹೆರಿಗೆ ತಿಂಗಳು ಯಾವ ಕಡೆ ಬೀಳುತ್ತದೆ ಅಂತ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಕೇಳಿಕೊಂಡೇ ಹೂಂ ಅನ್ನಿ.

ಮಾಲೀಕರೇ ಕೊಡಬೇಕಾದಾಗ

ಪಗಾರ 21,000 ದಾಟಿದ್ದರೆ, ಇಎಸ್‌ಐ ಇಲ್ಲದಿದ್ದರೆ ಈ ದಾರಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ 12 ವಾರ ಇದ್ದದ್ದು 26 ಆಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಕಾಯ್ದೆಯ ಹೆಸರು ಬದಲಾಗಿದೆ, 26 ವಾರ ಹಾಗೇ ಇದೆ. ಹೆರಿಗೆಗೆ ಮೊದಲಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಕಾಯಂ ಆಗಿರಬೇಕು ಅಂತಿಲ್ಲ. ದಿನಗೂಲಿ ಹೆಂಗಸರಿಗೂ ಹೆರಿಗೆ ರಜೆ ಉಂಟು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಗುತ್ತಿಗೆ ಮುಗಿಯುವ ದಿನ ರಜೆಯ ಮಧ್ಯೆ ಬಂದರೂ ಸೌಲಭ್ಯ ಪೂರ್ತಿ ಕೊಡಬೇಕು ಅಂತ 2023ರಲ್ಲಿ ಹೇಳಿದೆ.

ಹೆರಿಗೆಗೆ ಮೊದಲಿನ ರಜೆಯ ದುಡ್ಡನ್ನು ಮುಂಗಡವಾಗಿ ಕೊಡಬೇಕು, ಉಳಿದದ್ದನ್ನು ಹೆರಿಗೆಯಾದ ಪುರಾವೆ ಕೊಟ್ಟ 48 ಗಂಟೆಯೊಳಗೆ. ಮಾಲೀಕರ ಕಡೆಯಿಂದ ಉಚಿತ ಆರೈಕೆ ಇಲ್ಲದಿದ್ದರೆ 3,500 ಬೋನಸ್. ಕಾಗದದ ಮೇಲೆ ಇದು ಇಎಸ್‌ಐಗಿಂತ ಒಳ್ಳೇದು, ಯಾಕಂದರೆ ಪಗಾರ 30,000 ಇದ್ದರೆ 30,000ದ ಲೆಕ್ಕದಲ್ಲೇ ಬರುತ್ತದೆ. ಆದರೆ ನಮ್ಮ ಕಡೆ ಸಣ್ಣ ಶಾಲೆ, ನರ್ಸಿಂಗ್ ಹೋಮ್, ಶೋರೂಮ್ ನಡೆಸುವವರು ಆರು ತಿಂಗಳ ಪಗಾರ ಕೈಯಿಂದ ಕೊಡಬೇಕು ಅಂದ ತಕ್ಷಣ ನೆನಪಿಗೆ ಬರುವುದು ನಿಮ್ಮ ಹಳೆಯ ತಪ್ಪುಗಳು. ನನ್ನ ಗೆಳತಿಗೆ ಏಳನೇ ತಿಂಗಳಲ್ಲಿ "ಪರ್ಫಾರ್ಮೆನ್ಸ್ ಸರಿಯಿಲ್ಲ" ಅಂತ ಮೇಲ್ ಬಂತು. ನಾಲ್ಕು ವರ್ಷದಲ್ಲಿ ಅದೇ ಮೊದಲನೇ ಮೇಲ್.

ಅದಕ್ಕೇ ಈ ದಾರಿಯಲ್ಲಿ ಬಾಯಿಮಾತು ಬೇಡ. ಯಾವ ದಿನದಿಂದ ರಜೆ, ಹೆರಿಗೆ ದಿನ ಯಾವುದು, ದುಡ್ಡು ಯಾವ ಖಾತೆಗೆ, ಇಷ್ಟನ್ನು ಬರೆದು, ತಾಯಿ ಕಾರ್ಡಿನ ಜೆರಾಕ್ಸ್ ಹಚ್ಚಿ, ಕೊಟ್ಟ ಪ್ರತಿಯ ಮೇಲೆ ಸಹಿ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ರಿಜಿಸ್ಟರ್ ಪೋಸ್ಟ್ ಮಾಡಿ, ಇಮೇಲ್ ಕಳಿಸಿ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಬಸುರಿ ಅಂತ ಮೊದಲೇ ತೆಗೆದರೂ ದುಡ್ಡು ತಪ್ಪುವುದಿಲ್ಲ, ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಆದರೆ ನೀವೇ ರಾಜೀನಾಮೆ ಬರೆದುಕೊಟ್ಟರೆ ಎಲ್ಲವೂ ಕಷ್ಟ. ಬಟ್ಟೆ ಅಂಗಡಿಯಲ್ಲಿ ನಿಂತೇ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಹೆರಿಗೆಗೆ ಹತ್ತು ವಾರ ಇರುವಾಗಿನಿಂದ, ನೀವು ಕೇಳಿದರೆ, ತಾಸುಗಟ್ಟಲೆ ನಿಲ್ಲಿಸುವ ಕೆಲಸ ಕೊಡುವಂತಿಲ್ಲ. ಸ್ಟೂಲು ಕೇಳಿ.

ರಾಜ್ಯ ಸರ್ಕಾರದ ಕಾಯಂ ನೌಕರಿಯವರಿಗೆ 180 ದಿನ ಪಗಾರ ಸಹಿತ ರಜೆ, ಆಮೇಲೆ ಮಗುವಿನ ಆರೈಕೆಗೆ ಇನ್ನೊಂದು 180 ದಿನ ರಜೆ ಉಂಟು. ಅವರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ಅವರ ಆಫೀಸಿನಲ್ಲೇ ಎಲ್ಲರಿಗೂ ಗೊತ್ತು.

ಎರಡೂ ಇಲ್ಲದವರು

ಮನೆಗೆಲಸ, ಹೊಲಿಗೆ, ಹೊಲದ ಕೂಲಿ, ಒಬ್ಬಿಬ್ಬರು ಇರುವ ಅಂಗಡಿ. ಇಲ್ಲಿ ಮಾತೃವಂದನಾ ಯೋಜನೆ ಬರುತ್ತದೆ, ನಮ್ಮ ಮ್ಯಾನೇಜರು ಹೇಳಿದ ಐದು ಸಾವಿರ. ಮೊದಲ ಮಗುವಿಗೆ 5,000: ಬಸುರಿ ಅಂತ ಹೆಸರು ಬರೆಸಿ ತಪಾಸಣೆ ಆದ ಮೇಲೆ 3,000, ಹುಟ್ಟಿದ ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅಕ್ಕನ ಹತ್ತಿರ ಅರ್ಜಿ. ಬೇರೆ ಕಾನೂನಿನಡಿ ಇಂಥದ್ದೇ ಸೌಲಭ್ಯ ಪಡೆಯುವವರಿಗೆ ಇದು ಇಲ್ಲ. ಅಂದರೆ ಇಎಸ್‌ಐ ಇದ್ದವರು ಐದು ಸಾವಿರಕ್ಕೆ ಅಂಗನವಾಡಿಗೆ ಅಲೆಯಬೇಡಿ, ನಿಮ್ಮದು ತೊಂಬತ್ತೊಂದು ಸಾವಿರದ ಸಾಲು.

ನಮ್ಮಂಥವರಿಗೆ ಬಹಳ ಮುಖ್ಯವಾದ ಸಂಗತಿ ಒಂದಿದೆ. ಈ ಯೋಜನೆಗೆ ಮೊದಲು ಗಂಡನ ಆಧಾರ್ ಕೇಳುತ್ತಿದ್ದರು. 2022ರ ಹೊಸ ಮಾರ್ಗಸೂಚಿಯಲ್ಲಿ ಅದನ್ನು ತೆಗೆದಿದ್ದಾರೆ, ಒಂಟಿ ತಾಯಂದಿರು, ಗಂಡ ಬಿಟ್ಟವರು ತಪ್ಪಿಹೋಗಬಾರದು ಅಂತಲೇ. ಇವತ್ತಿಗೂ ಯಾರಾದರೂ "ಯಜಮಾನರ ಆಧಾರ್ ತಗೊಂಡು ಬಾರವ್ವ" ಅಂದರೆ ಕಡ್ಡಾಯ ಇಲ್ಲ ಅಂತ ಹೇಳಿ ಅಲ್ಲೇ ನಿಲ್ಲಿ.

ಕಟ್ಟಡ ಕೆಲಸದವರಿಗೆ ಲೆಕ್ಕವೇ ಬೇರೆ. ಗಾರೆ, ಸೆಂಟ್ರಿಂಗ್, ಕಲ್ಲು ಹೊರುವ ಕೆಲಸ ಮಾಡುವವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿದ್ದರೆ ತಾಯಿ ಲಕ್ಷ್ಮೀ ಬಾಂಡ್ ಅಂತ ಮೊದಲ ಎರಡು ಮಕ್ಕಳಿಗೆ 50,000 ಸಹಾಯ ಇದೆ. ಹೆಸರು ಬರೆಸಲು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಡು ಗಂಡನ ಹೆಸರಿನಲ್ಲಿ ಮಾತ್ರ ಇರುವ ಹೆಂಗಸರನ್ನು ಬಹಳ ನೋಡಿದ್ದೇನೆ. ಇಬ್ಬರೂ ಒಂದೇ ಸೈಟಿನಲ್ಲಿ ದುಡಿದಿರುತ್ತಾರೆ, ಆತ ಹೋದ ಮೇಲೆ ಕಾರ್ಡೂ ಆತನ ಜೊತೆ ಹೋಗಿರುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆ ಕಾರ್ಡು ಮಾಡಿಸಿಕೊಳ್ಳಿ. ಹೊಟ್ಟೆ ದೊಡ್ಡದಾಗಿ ಕೆಲಸ ಬಿಟ್ಟ ಮೇಲಲ್ಲ, ಕೆಲಸ ಮಾಡುತ್ತಿರುವಾಗಲೇ.

ಯಾವ ದಾರಿಯವರಿಗೂ ಸಿಗುವುದು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಆದರೂ ಉಚಿತ. ಔಷಧ, ರಕ್ತ, ಪರೀಕ್ಷೆ, ಊಟ, ಹೋಗಲು ಗಾಡಿ, ಬರಲು 'ನಗು-ಮಗು' ಗಾಡಿ, ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದ ಇವೆ. ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದವರಿಗೆ ಜನನಿ ಸುರಕ್ಷಾದಲ್ಲಿ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಕೈಗೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ. ಚಿತ್ತಾಪುರ, ಆಳಂದದಿಂದ ಬರುವವರಿಗೆ ಬಸ್ಸು ಫ್ರೀ ಇದೆ, ಆಧಾರ್ ತೋರಿಸಿದರೆ ಆಯಿತು, ಸಾಮಾನ್ಯ ಬಸ್ಸೇ ಹತ್ತಬೇಕು ಅಷ್ಟೇ.

ಮಾತೃಪೂರ್ಣ ಊಟದ ಬಗ್ಗೆ ನನಗೆ ಒಂದು ಸಿಟ್ಟಿದೆ. ಅಂಗನವಾಡಿಯಲ್ಲಿ ಮಧ್ಯಾಹ್ನ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಒಳ್ಳೆಯ ಊಟ, 2017ರಿಂದ ನಡೆಯುತ್ತಿದೆ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಮಿಲ್ಲಿನಲ್ಲಿ ಇರುವವಳು ಅಂಗನವಾಡಿಗೆ ಹೋಗುವುದು ಹೇಗೆ? ಮನೆಯಲ್ಲಿ ಇರುವ ಬಸುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಇದು. ನನ್ನ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಗೋದಾಮಿನಲ್ಲಿ ಬೇಳೆ ಹಸನು ಮಾಡುವ ಅಕ್ಕಂದಿರು ದಿನಾ ತಮ್ಮ ಪಲ್ಯದಲ್ಲಿ ಒಂದು ಪಾಲು ನನ್ನ ಮುಚ್ಚಳಕ್ಕೆ ಹಾಕುತ್ತಿದ್ದರು. ಹೆರಿಗೆ ರಜೆ ಶುರುವಾದ ಮೇಲೆ ಮಾತ್ರ ಅಂಗನವಾಡಿಗೆ ಹೋದೆ. ಹೆರಿಗೆಯಾಗಿ ಆರು ತಿಂಗಳವರೆಗೂ ಸಿಗುತ್ತದೆ.

ಎಲ್ಲಿ ಹೆರಿಗೆ ಮಾಡಿಸಿಕೊಳ್ಳಲಿ ಅಂತ ಕೇಳುವವರಿಗೆ: ಇಎಸ್‌ಐ ಕಾರ್ಡಿದ್ದರೆ ನಾನು ಸೇಡಂ ರಸ್ತೆಯ ದವಾಖಾನೆಯನ್ನೇ ಹೇಳುತ್ತೇನೆ. ಇಲ್ಲದವರಿಗೆ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಹೀಗೆ ಸರ್ಕಾರಿ ಮೆಡಿಕಲ್ ಕಾಲೇಜಿನ ದವಾಖಾನೆಗಳು ಇವೆ. ಖಾಸಗಿಯಲ್ಲಿ ಮೇ ತಿಂಗಳ ಬಿಸಿಲಿಗೆ ಎಸಿ ಖೋಲಿ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ, ನನಗೂ ಆಸೆ ಆಗಿತ್ತು. ಆದರೆ ಒಬ್ಬಳ ಪಗಾರದಲ್ಲಿ ಬದುಕುವವಳಿಗೆ ಆ ಬಿಲ್ಲು ಮಗುವಿನ ಮೊದಲ ವರ್ಷದ ಹಾಲನ್ನೇ ಕುಡಿದುಬಿಡುತ್ತದೆ. ಎಲ್ಲೇ ಹೋಗಿ, "ಗಂಡ ಎಲ್ಲಿ, ಸಹಿ ಯಾರು ಮಾಡ್ತಾರ" ಅಂತ ಕೇಳುತ್ತಾರೆ. ನಿಮ್ಮ ಒಪ್ಪಿಗೆಗೆ ನಿಮ್ಮ ಸಹಿಯೇ ಸಹಿ. ಜೊತೆಗೆ ಓಡಾಡಲು ಒಬ್ಬರು ಬೇಕು, ಅದು ಬೇರೆ ಮಾತು. ನನಗೆ ನಮ್ಮ ಚಿಕ್ಕವ್ವ ಬಂದಿದ್ದಳು.

ಮದುವೆಯ ಕಾಗದ ಕೇಳಿದರೆ

ಹೆರಿಗೆ ಸೌಲಭ್ಯದ ಕಾನೂನಿನಲ್ಲಿ "ಮಹಿಳೆ" ಅಂತ ಇದೆ, ಮದುವೆಯಾದ ಮಹಿಳೆ ಅಂತ ಇಲ್ಲ. ಇಎಸ್‌ಐಯೂ ಕೇಳುವುದು ನಿಮ್ಮ ವಂತಿಗೆಯನ್ನು, ತಾಳಿಯನ್ನಲ್ಲ. ಅರ್ಜಿಯಲ್ಲಿ "ತಂದೆ/ಗಂಡ" ಅಂತ ಇದ್ದ ಕಡೆ ನಾನು ಅಪ್ಪನ ಹೆಸರು ಬರೆದೆ, ಯಾರೂ ತಿರುಗಿ ನೋಡಲಿಲ್ಲ. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟು ಮಗುವಿನ ಜನನ ಪ್ರಮಾಣಪತ್ರ ಕೇಳಿದರೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಜನನ ನೋಂದಣಿ 21 ದಿನದೊಳಗೆ ಆದರೆ ಖರ್ಚಿಲ್ಲ. ಆಸ್ಪತ್ರೆ ಬಿಡುವ ಮೊದಲೇ ಅಲ್ಲಿ ಬರೆದ ಹೆಸರು, ತಾರೀಖು ಸರಿ ಇದೆಯಾ ಓದಿ ನೋಡಿ. ಆಮೇಲೆ ತಿದ್ದಿಸುವುದು ಅಂದರೆ ದೇವರಿಗೇ ಪ್ರೀತಿ.

ಇನ್ನೊಂದು ಬಲೆ ಬ್ಯಾಂಕ್ ಖಾತೆ. ಸರ್ಕಾರದ ದುಡ್ಡು ನಿಮ್ಮ ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ನಿಮ್ಮದೇ ಹಳೆಯ ಖಾತೆ, ಎಟಿಎಂ ಕಾರ್ಡು ಗಂಡನ ಪಾಕೀಟಿನಲ್ಲಿ, ಪುಣೆಯಲ್ಲಿ! ಹಾಗಿದ್ದರೆ ಮೊದಲು ಹೊಸ ಖಾತೆ ತೆಗೆದು ಜೋಡಣೆ ಬದಲಿಸಿ, ಆಮೇಲೆ ಅರ್ಜಿ.

ತಿಂಗಳ ತಿಂಗಳ ದುಡ್ಡು

ಇಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಗೃಹಲಕ್ಷ್ಮಿಯ 2,000 ರೇಷನ್ ಕಾರ್ಡಿನ ಯಜಮಾನಿಗೆ. ನೀವು ಅತ್ತೆಯ ಕಾರ್ಡಿನಲ್ಲಿದ್ದರೆ ಅತ್ತೆಗೆ, ತವರಿನ ಕಾರ್ಡಿನಲ್ಲಿದ್ದರೆ ಅವ್ವನಿಗೆ. ಬೇರೆ ಕಾರ್ಡು ಮಾಡಿಸುವುದು ಬೇಗ ಆಗುವ ಕೆಲಸ ಅಲ್ಲ, ಅರ್ಜಿ ಯಾವಾಗಲೂ ತೆಗೆದುಕೊಳ್ಳುವುದಿಲ್ಲ. ವಿಧವಾ ವೇತನ ತಿಂಗಳಿಗೆ 800, ನಾಡಕಚೇರಿಯಲ್ಲಿ ಅರ್ಜಿ. ಮನಸ್ವಿನಿ ಅಂತ ಅವಿವಾಹಿತ, ಡೈವೋರ್ಸ್ ಆದ ಹೆಂಗಸರಿಗೆ ಪಿಂಚಣಿ ಇದೆ, ಆದರೆ 40 ವರ್ಷ ದಾಟಿರಬೇಕು. ಬಸುರಿಯರಲ್ಲಿ ಎಷ್ಟು ಜನಕ್ಕೆ 40 ದಾಟಿರುತ್ತದೆ ಹೇಳಿ.

ಇವೆಲ್ಲಕ್ಕಿಂತ ಕೆಲಸಕ್ಕೆ ಬರುವುದು, ಆದರೆ ಯಾರೂ ಹೇಳದಿರುವುದು, ಮಕ್ಕಳ ರಕ್ಷಣೆಗೆ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಮಗುವನ್ನು ಸಾಕಲು ಕೊಡುವ ದುಡ್ಡು. ತಾಯಿ ವಿಧವೆ, ಡೈವೋರ್ಸ್ ಆದವಳು ಅಥವಾ ಗಂಡ ಬಿಟ್ಟವಳಾಗಿದ್ದರೆ ಮಗುವಿಗೆ ತಿಂಗಳಿಗೆ 4,000. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ನನ್ನ 15,000 ಪಗಾರಕ್ಕೆ ಅದು ಸಿಗಲಿಲ್ಲ. ಕೂಲಿ ಮಾಡುವವರು, ಮನೆಗೆಲಸದವರು ಖಂಡಿತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ.

ಮಗುವಿನ ಅಪ್ಪ ಬದುಕಿದ್ದರೆ ಜೀವನಾಂಶ. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಹಳೆಯ 125. ಮದುವೆಯಾಗದೆ ಹುಟ್ಟಿದ ಮಗುವಿಗೂ ಅಪ್ಪ ಕೊಡಲೇಬೇಕು. ವಕೀಲರ ಫೀಸಿಗೆ ಹೆದರಬೇಡಿ, ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ, ಸಹಾಯವಾಣಿ 15100. ಆದರೆ ಕೋರ್ಟಿನ ದುಡ್ಡು ಬಾಣಂತನಕ್ಕೆ ಬರುತ್ತದೆ ಅಂತ ನಂಬಿ ಕೂಡಬೇಡಿ. ಪುಣೆಯ ವಿಳಾಸ ಹುಡುಕುವುದರಲ್ಲೇ ನನಗೆ ಒಂದು ವರ್ಷ ಹೋಯಿತು.

26 ವಾರವನ್ನು ಹೇಗೆ ಹಂಚಿಕೊಳ್ಳುವುದು

ಹೆರಿಗೆಗೆ ಮೊದಲು 8 ವಾರದವರೆಗೆ ತೆಗೆದುಕೊಳ್ಳಬಹುದು, ಉಳಿದದ್ದು ಆಮೇಲೆ. ಮನೆಯಲ್ಲಿ ಅವ್ವ, ಅತ್ತೆ ಇರುವವರು ಮೊದಲೇ ಎಂಟು ವಾರ ತೆಗೆದುಕೊಂಡು ಆರಾಮಾಗಿ ಇರುತ್ತಾರೆ. ನನಗೆ ಮಗು ನೋಡುವವರು ಇರಲಿಲ್ಲ, ಹಾಗಾಗಿ ಮೂರು ವಾರ ಮೊದಲು ಮಾತ್ರ ತೆಗೆದುಕೊಂಡೆ, ಇಪ್ಪತ್ತಮೂರು ವಾರ ಮಗುವಿನ ಜೊತೆ. ಬಿಪಿ ಏರುತ್ತಿದ್ದರೆ, ಕಾಲು ಬಾತಿದ್ದರೆ ಹೀಗೆ ಮಾಡಬೇಡಿ, ಡಾಕ್ಟರು ಹೇಳಿದ ದಿನವೇ ರಜೆ ಹಾಕಿ. ನಿಂತು ಮಾಡುವ ಕೆಲಸದವರಿಗೂ ಇದು ಒಗ್ಗುವುದಿಲ್ಲ, ನನ್ನದು ಕುರ್ಚಿ ಕೆಲಸ.

ವಾಪಸ್ ಹೋದ ಮೇಲೆ ಮಗುವಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ಸಲ ಹಾಲು ಕುಡಿಸಲು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ಜನ ಇರುವ ಕಡೆ ಕೂಸು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರಿಗೆ ಪಂಚಾಯಿತಿಯ 'ಕೂಸಿನ ಮನೆ' ಇದೆ, ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ. ನಮ್ಮ ಮಿಲ್ಲಿನಲ್ಲಿ ಐವತ್ತು ಜನ ಇರಲಿಲ್ಲ. ಗೋದಾಮಿನ ಹಿಂದಿನ ಸಣ್ಣ ಖೋಲಿಯಲ್ಲಿ ಸೀರೆಯ ಜೋಳಿಗೆ ಕಟ್ಟಿಕೊಳ್ಳಲಾ ಅಂತ ಮ್ಯಾನೇಜರನ್ನು ಕೇಳಿದೆ. ಹೊಟ್ಟಿನ ಧೂಳು ಕೂಸಿಗೆ ಆಗಲ್ಲ ಅಂತ ಅವರೇ ಆಫೀಸಿನ ಮೂಲೆ ಖಾಲಿ ಮಾಡಿಸಿ, ಮೇಲೆ ಕೊಂಡಿ ಹೊಡೆಸಿ ಕೊಟ್ಟರು.